ಸಾವಿರ ವ್ಯಾಟಿನ ಎಸ್.ಎಂ.ಪಿ.ಎಸ್. : ಕೊಳ್ಳುವ ಮುನ್ನ ಮಾಡತಕ್ಕ ಪರೀಕ್ಷೆ

ಮನೆಗೆ ಗಣಕಯಂತ್ರವನ್ನು ಕೊಳ್ಳುವ ಗೃಹಸ್ಥರು ಅದರ ಪ್ರೊಸೆಸರು, ಪರದೆ ಮುಂತಾದುವನ್ನು ಕುರಿತು ಹತ್ತು ಅಂಗಡಿಗಳಲ್ಲಿ ವಿಚಾರಿಸುವರು. ಆ ಅವಯವಗಳಿಗೆಲ್ಲ ಆಹಾರವನ್ನುಣಿಸುವ ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಅಂಗಡಿಯವನು ಕೊಟ್ಟುದೇ ಪ್ರಸಾದವೆಂದು ಸ್ವೀಕರಿಸುವರು. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಮಾರ್ಪಡಿಸುವುದು ಇದರ ಕೆಲಸ. ಇದು ಕೆಟ್ಟಾಗ ತಾನೊಂದೇ ಕೆಡದೆ, ತನ್ನನ್ನು ನಂಬಿದವರನ್ನೂ ಕೆಡಿಸುವುದುಂಟು. ಆದುದರಿಂದ, ಮನೆಯ ಹುಡುಗರು ಸಾವಿರ ವ್ಯಾಟಿನ ಮಾಡ್ಯುಲರ್ ಎಸ್.ಎಂ.ಪಿ.ಎಸ್. ಬೇಕೆಂದು ಹಟ ಹಿಡಿದಾಗ ಹಿರಿಯರು ನೋಡತಕ್ಕುದೇನೆಂಬುದನ್ನು ಈ ಸಲ ವಿಚಾರ ಮಾಡುವೆವು.

ಮೊದಲನೆಯದು, ಅಷ್ಟು ವ್ಯಾಟು ಬೇಕೆ ಎಂಬ ಪ್ರಶ್ನೆ. ಪತ್ರವ್ಯವಹಾರ, ಪಾಠ, ಜಮಾಖರ್ಚು ಇಷ್ಟಕ್ಕೇ ಉಪಯೋಗಿಸುವ ಯಂತ್ರವು ಸಾಮಾನ್ಯವಾಗಿ ನೂರು ವ್ಯಾಟನ್ನೂ ಮುಟ್ಟಲಾರದು. ಅದಕ್ಕೆ ಸಾವಿರದ ಪೆಟ್ಟಿಗೆಯೆಂದರೆ ನಾಲ್ವರ ಸಂಸಾರಕ್ಕೆ ಮದುವೆಮನೆಯ ಕೊಪ್ಪರಿಗೆಯೇ ಸರಿ. ಆದರೆ 2025ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡಿಗೆ 575 ವ್ಯಾಟು ಬೇಕು; ಇಂಟೆಲ್ ಕೋರ್ ಐ9-14900ಕೆ ಪ್ರೊಸೆಸರಿಗೆ ತಯಾರಕರು ಹೇಳಿರುವ ಗರಿಷ್ಠ ಮಿತಿ 253 ವ್ಯಾಟು. ಎರಡೂ ಕೂಡಿ 828 ಆಯಿತು. ಇಂತಹ ಯಂತ್ರಕ್ಕೆ ಸಾವಿರ ವ್ಯಾಟು ಆಡಂಬರವಲ್ಲ. ಆ ಕಾರ್ಡಿನ ತಯಾರಕರೇ ಅಷ್ಟನ್ನು ಸೂಚಿಸಿರುವರು. ಕೂಡುವ ಲೆಕ್ಕ ಮೊದಲು, ಕೊಳ್ಳುವ ಲೆಕ್ಕ ಆಮೇಲೆ.

ಎರಡನೆಯದು, ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿರುವ ಪಟ್ಟಿ. ಈಗಿನ ಯಂತ್ರಗಳು ಬಹುಭಾಗ ವಿದ್ಯುತ್ತನ್ನು 12 ವೋಲ್ಟಿನಲ್ಲಿಯೇ ಸೆಳೆಯುವುವು. ಆ ಸಾಲಿನ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಿರಿ. 83 ಎಂದಿದ್ದರೆ 996 ವ್ಯಾಟಾಗುವುದು. ಹೆಸರಿಗೂ ಗುಣಕ್ಕೂ ಹೊಂದಿಕೆಯಿದೆ. 60 ಎಂದಿದ್ದರೆ 720 ಮಾತ್ರವಾಗಿ, ಹೊರಗಿನ ದೊಡ್ಡಕ್ಷರದ ಸಾವಿರವು ಬರಿಯ ಬಿರುದಾಗುವುದು. ಆ ಸಾಲುಗಳು ಹಲವಿದ್ದಲ್ಲಿ ಅವುಗಳ ಒಟ್ಟು ಮಿತಿಯನ್ನೇ ನೋಡಬೇಕು.

ಮೂರನೆಯದು, 80 ಪ್ಲಸ್ ಗೋಲ್ಡ್ ಎಂಬ ಮುದ್ರೆ. 80 ಪ್ಲಸ್ ವ್ಯವಸ್ಥೆಯು 2004ರಲ್ಲಿ ಆರಂಭವಾಯಿತು. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಶೇಕಡಾ 90, ಐದನೆಯ ಒಂದು ಹೊರೆಗೂ ಪೂರ್ಣ ಹೊರೆಗೂ ಶೇಕಡಾ 87 ದಕ್ಷತೆಯಿದ್ದರೆ ಗೋಲ್ಡ್ ದರ್ಜೆ ಸಲ್ಲುವುದು. ಅಂದರೆ 500 ವ್ಯಾಟನ್ನು ಒದಗಿಸಲು ಗೋಡೆಯಿಂದ ಸುಮಾರು 556 ವ್ಯಾಟನ್ನು ಪಡೆದು, ಉಳಿದ 56ನ್ನು ಶಾಖವಾಗಿ ಕಳೆಯುವುದು. ನೂರು ವ್ಯಾಟಿನ ಸಣ್ಣ ಕೆಲಸವು ಸಾವಿರದ ಪೆಟ್ಟಿಗೆಗೆ ಹತ್ತನೆಯ ಒಂದು ಹೊರೆಯಾದುದರಿಂದ ಈ ಭರವಸೆಯು ಅಲ್ಲಿಗೆ ಅನ್ವಯಿಸುವುದೇ ಇಲ್ಲ. ಮೇಲಾಗಿ, ಈ ಮುದ್ರೆಯು ವ್ಯಯದ ಮಾತನ್ನು ಹೇಳುವುದೇ ಹೊರತು ವಿದ್ಯುತ್ತಿನ ಶುದ್ಧಿಯನ್ನಾಗಲಿ ರಕ್ಷಣೆಯನ್ನಾಗಲಿ ಹೇಳುವುದಿಲ್ಲ. ಚಿನ್ನವೆಂದು ಹೆಸರಿದ್ದ ಮಾತ್ರಕ್ಕೆ ಒರೆಗಲ್ಲು ಬೇಡವಾಗುವುದೆ? 12 ವೋಲ್ಟಿನ ಸಾಲಿನಲ್ಲಿ ಸಣ್ಣ ಏರಿಳಿತಗಳು 120 ಮಿಲಿವೋಲ್ಟನ್ನು ಮೀರಕೂಡದೆಂದು ಎಟಿಎಕ್ಸ್ ನಿಯಮವಿದೆ. ಇದು ಕಣ್ಣಿಗೆ ಕಾಣತಕ್ಕುದಲ್ಲವಾದುದರಿಂದ, ಪೂರ್ಣ ಹೊರೆಯಲ್ಲಿಯೂ ಹೆಚ್ಚಿದ ಶಾಖದಲ್ಲಿಯೂ ಉಪಕರಣಗಳಿಂದ ಅಳೆದವರ ವರದಿಯನ್ನು ಓದಿಯೇ ನಿರ್ಣಯಿಸತಕ್ಕುದು. ಅತಿಪ್ರವಾಹ, ಅತಿವೋಲ್ಟೇಜು, ಷಾರ್ಟ್ ಸರ್ಕಿಟ್, ಅತಿಶಾಖ ಈ ನಾಲ್ಕಕ್ಕೂ ರಕ್ಷಣೆಯುಂಟೆ, ವಾರಂಟಿ ಎಷ್ಟು ವರ್ಷ ಎಂಬುದನ್ನೂ ಕೇಳಿರಿ.

ನಾಲ್ಕನೆಯದು, ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತಲೂ ಮುಖ್ಯವಾದುದು, ಕೇಬಲ್ಲುಗಳ ವಿಷಯ. ಬೇಕಾದ ಕೇಬಲ್ಲುಗಳನ್ನು ಮಾತ್ರ ಜೋಡಿಸಿ ಉಳಿದುವನ್ನು ತೆಗೆದಿಡಬಹುದಾದುದೇ ಮಾಡ್ಯುಲರ್. ಒಳಗೆ ಜಾಗವೂ ಗಾಳಿಯೂ ಹೆಚ್ಚುವುದು ನಿಜ. ಆದರೆ ಕೇಬಲ್ಲಿನ ಯಂತ್ರದ ಕಡೆಯ ತುದಿಗೆ ನಿಯತವಾದ ಕ್ರಮವಿರುವಂತೆ ಪೆಟ್ಟಿಗೆಯ ಕಡೆಯ ತುದಿಗೆ ಸರ್ವಸಮ್ಮತವಾದ ಕ್ರಮವಿಲ್ಲ. ಒಂದರ ಕೇಬಲ್ಲು ಮತ್ತೊಂದಕ್ಕೆ ಸಲೀಸಾಗಿ ಕೂರಬಹುದು. ಕೂತರೂ 5 ವೋಲ್ಟು ಬರಬೇಕಾದಲ್ಲಿ 12 ವೋಲ್ಟು ಬಂದು ಹಾರ್ಡ್ ಡಿಸ್ಕು ಕ್ಷಣದಲ್ಲಿ ಸುಟ್ಟುಹೋಗಬಹುದು. ಒಂದೇ ಕಂಪೆನಿಯ ಎರಡು ಮಾದರಿಗಳಲ್ಲಿಯೂ ಈ ಭೇದವಿರುವುದುಂಟು. ಡಿಸ್ಕನ್ನು ಪುನಃ ಕೊಳ್ಳಬಹುದು. ಅದರಲ್ಲಿದ್ದ ಮಗಳ ಮದುವೆಯ ಚಿತ್ರಗಳನ್ನೂ ಗತಿಸಿದ ಹಿರಿಯರ ಧ್ವನಿಯನ್ನೂ ಯಾವ ಅಂಗಡಿಯಲ್ಲಿ ಕೊಳ್ಳುವುದು? ಆದುದರಿಂದ ಉಳಿದ ಕೇಬಲ್ಲುಗಳನ್ನು ಒಂದು ಚೀಲದಲ್ಲಿಟ್ಟು, ಪೆಟ್ಟಿಗೆಯ ಮಾದರಿಯ ಹೆಸರನ್ನು ಚೀಟಿಯಲ್ಲಿ ಬರೆದು ಕಟ್ಟಿರಿ. ಎಸ್.ಎಂ.ಪಿ.ಎಸ್. ಬದಲಾಯಿಸಿದ ದಿನ ಹಳೆಯ ಕೇಬಲ್ಲುಗಳನ್ನೆಲ್ಲ ಕಿತ್ತು, ಹೊಸದರೊಡನೆ ಬಂದುವನ್ನೇ ಹಾಕಿಸಿರಿ. ಕೆಲಸದವನು ಬೇಡವೆಂದರೂ ಬಿಡಬೇಡಿರಿ. ದೊಡ್ಡ ಕಾರ್ಡಿಗೆ ಹೋಗುವ ಹೊಸ ಬಗೆಯ ಕೇಬಲ್ಲನ್ನು ಕೊನೆಯವರೆಗೂ ಒತ್ತಿ ಕೂರಿಸತಕ್ಕುದು. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಕೆಲವು ಕಡೆ ಈ ತುದಿ ಕರಗಿದುದಕ್ಕೆ ಪೂರ್ಣವಾಗಿ ಕೂರದಿದ್ದುದೂ ಒಂದು ಕಾರಣವೆಂದು ಕಂಡುಬಂದಿತು.

ಇನ್ನೆರಡು ಮಾತು. ಮನೆಗಳಲ್ಲಿರುವ 600 ವಿ.ಎ. ಯು.ಪಿ.ಎಸ್. ಸಾಮಾನ್ಯವಾಗಿ 360 ವ್ಯಾಟನ್ನು ಮಾತ್ರ ಹೊರಬಲ್ಲುದು. ದೊಡ್ಡ ಯಂತ್ರವನ್ನು ಅದಕ್ಕೆ ಕಟ್ಟಿದರೆ ಕರೆಂಟು ಹೋದಾಗ ಎರಡೂ ಒಟ್ಟಿಗೆ ನಿಲ್ಲುವುವು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಕೂಡದು. ಪ್ಲಗ್ಗನ್ನು ಕಿತ್ತಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯ ಮಾಡುವಷ್ಟು ವಿದ್ಯುತ್ತು ನಿಂತಿರಬಹುದು.

ಹುಡುಗರ ಹಟವನ್ನು ಕೇಳಿದೊಡನೆಯೇ ಇಲ್ಲವೆನ್ನಬೇಕಾಗಿಲ್ಲ. ಕಾಗದವನ್ನೂ ಲೇಖನಿಯನ್ನೂ ಅವರ ಕೈಗೇ ಕೊಟ್ಟು, ಈ ನಾಲ್ಕು ಪರೀಕ್ಷೆಗಳಿಗೆ ಉತ್ತರವನ್ನು ಬರೆದು ತರುವಂತೆ ಹೇಳಿರಿ. ಲೆಕ್ಕವು ಸಾವಿರವೆಂದರೆ ಸಾವಿರವನ್ನೇ ಕೊಡಿಸಬಹುದು. ಐದುನೂರೆಂದರೆ ಉಳಿದ ಹಣದಲ್ಲಿ ಚಿತ್ರಗಳ ನಕಲನ್ನಿಡಲು ಮತ್ತೊಂದು ಡಿಸ್ಕನ್ನು ಕೊಳ್ಳುವುದು ಲೇಸು.