ಮೂಟೆ ವಾಪಸ್ ತರುವ ಹಕ್ಕು



ಮುಕ್ತ ಮಾರುಕಟ್ಟೆ ಎಂಬ ಮಾತನ್ನು ನೀವು ಕೇಳಿ ಕೇಳಿ ಸಾಕಾಗಿರಬೇಕು. ಮಾರುವವನೂ ಕೊಳ್ಳುವವನೂ ತಮ್ಮಿಷ್ಟದಂತೆ ಕೂಡಿ ಬೆಲೆ ಮಾಡಿಕೊಳ್ಳಲಿ, ನಡುವೆ ಸರ್ಕಾರ ಕೈಹಾಕುವುದು ಬೇಡ. ಮಾಲು ಕಮ್ಮಿಯಾದರೆ ಬೆಲೆ ಏರುತ್ತೆ, ಬೆಲೆ ಏರಿದರೆ ಇನ್ನಷ್ಟು ಜನ ಬೆಳೀತಾರೆ, ಆಗ ತಾನಾಗಿ ಇಳಿಯುತ್ತೆ. ಮೂಲಪಾಠ ಇಷ್ಟೇ. ಕೋಲಾರದ ಟೊಮ್ಯಾಟೊ ಬೆಳೆಗಾರನಿಗೆ ಇದನ್ನು ಯಾರೂ ಪುಸ್ತಕ ಹಿಡಿದು ಕಲಿಸಬೇಕಾಗಿಲ್ಲ.

ಆದರೆ ಪಾಠ ಹೇಳುವವರು ಅದರ ಮೊದಲ ಮಾತನ್ನೇ ನುಂಗಿಬಿಡುತ್ತಾರೆ. 'ತಮ್ಮಿಷ್ಟದಂತೆ' ಎಂದರೆ, ಬೆಲೆ ಒಪ್ಪದಿದ್ದರೆ ಬೇಡ ಅನ್ನುವ ಶಕ್ತಿ ಇಬ್ಬರಿಗೂ ಇರಬೇಕು. ವ್ಯಾಪಾರಿಗೆ ಇದೆ, ಇವತ್ತಲ್ಲದಿದ್ದರೆ ನಾಳೆ ಕೊಳ್ಳುತ್ತಾನೆ. ನಿಮಗಿದೆಯೇ? ಬೀಜ ಗೊಬ್ಬರಕ್ಕೆ ಮುಂಗಡ ಕೊಟ್ಟವನೇ ಮಂಡಿಯವನು, ಮಾಲು ಅವನ ಅಂಗಡಿಗೇ ಹೋಗಬೇಕು. ಸೊಸೈಟಿ ಸಾಲದ ಗಡುವು ತಲೆ ಮೇಲೆ. ತಂದ ಲಾರಿಗೇ ಬಾಡಿಗೆ ಬಾಕಿ, ವಾಪಸ್ ಒಯ್ಯೋಕೆ ಇನ್ನೊಂದು ಬಾಡಿಗೆ ಯಾರು ಕೊಡ್ತಾರೆ? ಅವನು ಹೇಳಿದ್ದೇ ರೇಟು.

ಇದು ನಮ್ಮ ಚಳವಳಿಯವರು ಹುಟ್ಟಿಸಿದ ತಕರಾರು ಅಂದುಕೊಳ್ಳಬೇಡಿ. ಮುಕ್ತ ವ್ಯಾಪಾರದ ಮೂಲಪುರುಷ ಎಂದು ಇವರೇ ಪೂಜಿಸುವ ಸ್ಕಾಟ್ಲೆಂಡಿನ ಆಡಂ ಸ್ಮಿತ್, 1776ರಲ್ಲಿ ಬಂದ ತನ್ನ ದೊಡ್ಡ ಪುಸ್ತಕದಲ್ಲಿ ಕೂಲಿಯ ಜಗಳದ ಬಗ್ಗೆ ಬರೆಯುತ್ತಾನೆ: ಧಣಿಗಳು ಕೂಡಿಟ್ಟದ್ದರಲ್ಲೇ ವರ್ಷ ಎರಡು ವರ್ಷ ಕೂತು ತಿನ್ನಬಲ್ಲರು, ಎಷ್ಟೋ ಕೂಲಿಗಳಿಗೆ ಕೆಲಸವಿಲ್ಲದೆ ಒಂದು ವಾರ ಕಳೆಯುವುದೂ ಕಷ್ಟ, ಹಾಗಾಗಿ ಸಾಮಾನ್ಯವಾಗಿ ಗೆಲ್ಲುವವರು ಧಣಿಗಳೇ ಅಂತ. ಒಂದೇ ಕಸುಬಿನ ವರ್ತಕರು ವಿನೋದಕ್ಕೆ ಸೇರಿದರೂ ಮಾತು ಕೊನೆಗೆ ಬೆಲೆ ಏರಿಸುವ ಸಂಚಿಗೇ ತಿರುಗುತ್ತೆ ಅಂತಲೂ ಎಚ್ಚರಿಸಿದ್ದಾನೆ. ಆ ಪುಟಗಳನ್ನು ನಮಗೆ ಯಾರೂ ಓದಿ ಹೇಳೋದಿಲ್ಲ, ಬಿಡಿ.

ಇನ್ನು, ಸರ್ಕಾರ ಕೈಹಾಕಬಾರದು ಎಂಬ ಎರಡನೇ ಮಾತು. 2023ರ ಆಗಸ್ಟಿನಲ್ಲಿ ಈರುಳ್ಳಿ ರಫ್ತಿನ ಮೇಲೆ ಕೇಂದ್ರ ಶೇಕಡ 40 ಸುಂಕ ಹಾಕಿತು. ಡಿಸೆಂಬರಿನಲ್ಲಿ, ಮುಂಗಾರಿನ ಬೆಳೆ ಮಾರುಕಟ್ಟೆಗೆ ಬರುತ್ತಿರುವಾಗಲೇ, ರಫ್ತನ್ನೇ ನಿಷೇಧಿಸಿತು. ತೆಗೆದದ್ದು 2024ರ ಮೇ ತಿಂಗಳಲ್ಲಿ, ಅದೂ ಸುಂಕ ಹಾಕಿ. ಪೇಟೆಯ ಗ್ರಾಹಕನೂ ಬಡವನೇ, ಒಪ್ಪೋಣ. ಆದರೆ ಅವನ ಹೊಟ್ಟೆಯ ಭಾರವನ್ನು ಖಜಾನೆ ಹೊರಬೇಕೇ ಹೊರತು ಚಿತ್ರದುರ್ಗದ ಈರುಳ್ಳಿ ಬೆಳೆಗಾರ ಒಬ್ಬನೇ ಏಕೆ ಹೊರಬೇಕು? ಬೆಲೆ ಬಿದ್ದಾಗ 'ಮಾರುಕಟ್ಟೆಯ ನಿಯಮ' ಅಂತಾರೆ. ಎದ್ದಾಗ ಆ ನಿಯಮ ಎಲ್ಲಿ ಅಡಗಿರುತ್ತೋ!

ಕಾಯುವ ಶಕ್ತಿ ಸಿಗಬೇಕಾದರೆ ದಾಸ್ತಾನಿನ ಮೇಲೆ ಸಾಲ ಸಿಗಬೇಕು. 2007ರ ಉಗ್ರಾಣ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ನೋಂದಾಯಿತ ಗೋದಾಮಿನಲ್ಲಿ ಕಾಳು ಇಟ್ಟು, ಅದರ ರಸೀದಿಯನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟು ಹಣ ಪಡೆಯಬಹುದು. ಟೊಮ್ಯಾಟೊಗೆ ಇದು ಆಗದು. ತೊಗರಿಗೆ, ಜೋಳಕ್ಕೆ, ರಾಗಿಗೆ ಆಗುತ್ತೆ. ನಿಮ್ಮ ತಾಲ್ಲೂಕಿನಲ್ಲಿ ಅಂಥ ಗೋದಾಮು ಎಷ್ಟಿವೆ, ಸಣ್ಣ ರೈತನ ಹತ್ತು ಮೂಟೆಗೂ ರಸೀದಿ ಕೊಡ್ತಾರಾ, ಆ ರಸೀದಿಗೆ ಬ್ಯಾಂಕು ಸಾಲ ಕೊಡುತ್ತಾ? ಈ ಕಟಾವಿಗೆ ಮುಂಚೆಯೇ ನಾಲ್ಕು ಜನ ಕೂಡಿ ಹೋಗಿ ಕೇಳಿ. ಸಿಕ್ಕ ಉತ್ತರವನ್ನು ನಮಗೆ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.