ಗೋಕಾಕದ ಬೀಳುನೀರು ಮತ್ತು ಮರೆವಿನ ವಾದ

ವರ್ತಮಾನದಲ್ಲಿ ಬದುಕುವುದೆಂದರೆ ನಿನ್ನೆ ನಾಳೆಗಳನ್ನು ಮರೆತು ಕಣ್ಣೆದುರಿನದನ್ನಷ್ಟೇ ಸವಿಯುವುದೆಂಬ ವಾದವು ಕ್ಷಣಪ್ರಜ್ಞೆಯನ್ನು, ಅಂದರೆ ನಡೆಯುತ್ತಿರುವುದರಲ್ಲಿ ಪೂರ್ತಿ ಮನಸ್ಸಿಡುವ ಗುಣವನ್ನು, ಬರಿಯ ಮರೆವಿಗೆ ಇಳಿಸುತ್ತದೆ. ಆ ವಾದ ಏಕೆ ಸಾಲದೆಂಬುದನ್ನು ಗೋಕಾಕದ ಜಲಪಾತ ತೋರಿಸುತ್ತದೆ. ಅಲ್ಲಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ಘಟಪ್ರಭಾ ನದಿ ಮಳೆಗಾಲದಲ್ಲಿ ಕೆನ್ನೀರಾಗಿ ಮೈದುಂಬಿ, ಬೇಸಿಗೆಯಲ್ಲಿ ಬಂಡೆಯನ್ನಷ್ಟೇ ಉಳಿಸುತ್ತದೆ. ಏಕೆಂದರೆ ಅದರ ನೀರನ್ನು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವು ಹಿಡಿದಿಟ್ಟರೆ, ಧೂಪದಾಳದ ಒಡ್ಡು, ಎಂದರೆ ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗು ಗೋಡೆ, ಅದನ್ನು ಕಾಲುವೆಗೆ ತಿರುಗಿಸಿ ಮೂಡಲಗಿಯ ಕಡೆಯ ಹೊಲಗಳಿಗೆ ಕಳಿಸುತ್ತದೆ. ಜಲಪಾತದ ಬಳಿಯ ತೂಗುಸೇತುವೆಯ ಮೇಲೆ ನಿಂತು ಇದನ್ನೆಲ್ಲ ಬಲ್ಲವರಿಗೇ ಆ ಭೋರ್ಗರೆತದ ಅಲ್ಪಾಯುಷ್ಯವು ಎದೆಗೆ ತಟ್ಟುತ್ತದೆ. ನೀರಿನ ಪಾಳಿ ಕಾಯುವ ರೈತನಂತೂ ಮುಂದಿನ ಸುಗ್ಗಿಯನ್ನು ಎಣಿಸುತ್ತಿರುವುದರಿಂದಲೇ, ಕಬ್ಬಿನ ಸಾಲಿಗೆ ನೀರು ಹರಿದು ಒಣಮಣ್ಣು ಕಪ್ಪಾಗುವ ಆ ಗಳಿಗೆಯನ್ನು ಎವೆಯಿಕ್ಕದೆ ನೋಡುತ್ತಾನೆ.