ಸೀಮೆಬದನೆ: ಕಾಯಿಯೇ ಬೀಜ

ತಮಿಳರಿಗೆ ಇದು ‘ಬೆಂಗಳೂರು ಕತ್ತರಿಕ್ಕಾಯ್’. ತೆಲುಗರಿಗೆ ‘ಬೆಂಗಳೂರು ವಂಕಾಯ’. ಬೆಂಗಳೂರಿನವರು ಮಾತ್ರ ‘ನಮ್ಮದಲ್ಲಪ್ಪ, ಸೀಮೆಯಿಂದ ಬಂದದ್ದು’ ಎನ್ನುವಂತೆ ಸೀಮೆಬದನೆಕಾಯಿ ಎಂದೇ ಕರೆದುಕೊಂಡು ಬಂದಿದ್ದಾರೆ. ಎರಡು ಮಾತೂ ನಿಜವೇ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಇದರ ತವರು. ಬೆಂಗಳೂರಿಗೆ ತಂದು ಬೆಳೆಸಿದ ಹೆಸರು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್‌ ಅವರದು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದ ಅವರು 1874ರಲ್ಲಿ ಇಲ್ಲಿಗೆ ಬಂದು 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡರು. ಗಾಜಿನ ಮನೆ ಎದ್ದದ್ದೂ ಅವರ ಕಾಲದಲ್ಲಿಯೇ. ಗಾಜಿನ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಸಾವಿರಾರು. ಸಾಂಬಾರಿನ ಹೋಳು ಬಾಯಿಗಿಡುವಾಗ ಕ್ಯಾಮರಾನ್‌ ಅವರನ್ನು ನೆನೆಯುವವರು ಯಾರು?

ಹೆಸರಿನಲ್ಲಿ ಬದನೆ ಇದ್ದರೂ ಇದು ಬದನೆಯ ನೆಂಟನಲ್ಲ. ಸೌತೆ, ಹೀರೆ, ಕುಂಬಳಗಳ ಕುಲದ್ದು. ಕೈತೋಟದವರು ಎಡವುವುದು ಇಲ್ಲಿಯೇ. ಹೀರೆ, ಕುಂಬಳದ ಬೀಜವನ್ನು ಬೂದಿ ಬೆರೆಸಿ ಒಣಗಿಸಿ ಮುಂದಿನ ವರ್ಷಕ್ಕೆ ಕಟ್ಟಿಡುವ ರೂಢಿ ಇದೆಯಲ್ಲ, ಅದೇ ರೀತಿ ಇದರ ಬೀಜವನ್ನೂ ಬಿಡಿಸಿ ಬಿಸಿಲಿಗೆ ಹಾಕುತ್ತಾರೆ. ಬೀಜ ಸತ್ತುಹೋಗುತ್ತದೆ. ಕಾಯಿಗೊಂದೇ ಬೀಜ, ಅದಕ್ಕೆ ಗಟ್ಟಿ ಸಿಪ್ಪೆಯಿಲ್ಲ, ಒಣಗುವುದನ್ನು ಅದು ತಾಳದು. ಕಾಯಿಯೊಳಗೇ ಮೊಳೆತು, ಕಾಯಿಯ ತಿರುಳನ್ನೇ ಉಂಡು ಬೆಳೆಯುವುದು ಅದರ ಸ್ವಭಾವ. ಕಡಲು ದಾಟಿ ಬಂದಾಗಲೂ ಅದು ಪೊಟ್ಟಣದಲ್ಲಿ ಬಂದಿರಲಾರದು, ಕಾಯಿಯಾಗಿ ಇಲ್ಲವೆ ಸಸಿಯಾಗಿಯೇ ಹಡಗು ಹತ್ತಿರಬೇಕು.

ಆದ್ದರಿಂದ ನೆಡಬೇಕಾದದ್ದು ಇಡೀ ಕಾಯಿ. ಪಲ್ಯಕ್ಕೆ ಆರಿಸುವಂಥ ಎಳೆಯ ಕಾಯಿ ಬೇಡ. ಚೆನ್ನಾಗಿ ಬಲಿತ, ಗಾಯವಿಲ್ಲದ ಕಾಯಿ ಬೇಕು. ತರಕಾರಿಯವನನ್ನು ‘ಬಲಿತದ್ದು ಕೊಡಪ್ಪ’ ಎಂದು ಕೇಳಿದರೆ ಅವನು ಸಂತೋಷದಿಂದಲೇ ಕೊಡುತ್ತಾನೆ. ಅದನ್ನು ಫ್ರಿಜ್ಜಿನಲ್ಲಿಡದೆ ಅಡುಗೆಮನೆಯ ಮಬ್ಬು ಮೂಲೆಯಲ್ಲಿ, ಗಾಳಿಯಾಡುವ ಕಡೆ ಇಡಬೇಕು. ಕೆಲವು ವಾರಗಳಲ್ಲಿ ದಪ್ಪ ತುದಿಯ ಸೀಳು ಬಾಯಿಬಿಟ್ಟು ನಾಲಿಗೆಯಂತೆ ಮೊಳಕೆ ಹೊರಬರುತ್ತದೆ. ಕಾಯಿ ಸುಕ್ಕುಗಟ್ಟುತ್ತಾ ಬಂದರೆ ಗಾಬರಿಯಾಗಿ ಎಸೆಯಬಾರದು, ಬಾಣಂತಿ ಸೊರಗಿದಂತೆ ಅದು.

ಮೊಳಕೆ ನಾಲ್ಕು ಬೆರಳುದ್ದವಾದಾಗ ನೆಡಬಹುದು. ಒಂದೂವರೆ ಅಡಿ ಗುಂಡಿ ತೋಡಿ, ಕೊಳೆತ ಸಗಣಿ ಗೊಬ್ಬರ ಮತ್ತು ಮೇಲ್ಮಣ್ಣು ಬೆರೆಸಿ ತುಂಬಿ, ಕಾಯಿಯನ್ನು ಓರೆಯಾಗಿ ಮಲಗಿಸಬೇಕು. ಬೇರು ಬಿಡುವುದೂ ಆ ದಪ್ಪ ತುದಿಯಲ್ಲಿಯೇ. ಅದು ಮಣ್ಣಿಗೆ ತಾಕಿರಲಿ, ಚಿಗುರು ಮಾತ್ರ ಬೆಳಕಿನಲ್ಲಿರಲಿ. ಪೂರಾ ಹೂಳುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಮಮತೆ ಉಕ್ಕಿ ದಿನಾ ಎರಡು ಕೊಡ ನೀರು ಸುರಿಯುವುದು. ಎಳೆ ಸಸಿಗೆ ಬೇಕಾದ ತೇವ ಕಾಯಿಯಲ್ಲೇ ಇದೆ. ನೀರು ನಿಂತರೆ ಕಾಯಿ ಕೊಳೆತು, ಜೊತೆಗೆ ಆ ವರ್ಷದ ಆಸೆಯೂ ಹೋಗುತ್ತದೆ. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ, ಸ್ವಲ್ಪ ಎತ್ತರದ ಜಾಗದಲ್ಲಿ ನೆಟ್ಟರೆ ಈ ಭಯ ಕಡಿಮೆ. ಬಳ್ಳಿ ಹಬ್ಬಿದ ಮೇಲಾದರೋ ಅದರ ಬಾಯಾರಿಕೆ ಬೇರೆಯೇ, ಬೇಸಿಗೆಯಲ್ಲಿ ಬುಡ ಒಣಗಲು ಬಿಡುವಂತಿಲ್ಲ.

ಚಪ್ಪರ ಗಟ್ಟಿಯಾಗಿರಲಿ. ಮೂವತ್ತು ಅಡಿ ಹಬ್ಬುವ ಬಳ್ಳಿ ಕಾಯಿ ಹೊತ್ತು ನಿಂತಾಗ ಹಳೆಯ ಬಿದಿರು ಮುರಿದು ಬೀಳುತ್ತದೆ. ತಲೆಯ ಮೇಲೆ ಕೈಯೆತ್ತಿದರೆ ಎಟುಕುವಷ್ಟು ಎತ್ತರ ಸಾಕು.

‘ಬಳ್ಳಿ ಸೊಂಪಾಗಿದೆ, ಕಾಯಿ ಮಾತ್ರ ಇಲ್ಲ’ ಎಂಬ ದೂರು ಸಾಮಾನ್ಯ. ಯೂರಿಯಾ ಹೆಚ್ಚಾದರೆ ಬಳ್ಳಿ ಬರೀ ಎಲೆಯಲ್ಲೇ ಮೆರೆಯುತ್ತದೆ. ಇನ್ನೊಂದು ಕಾರಣ ಜೇನುಹುಳುವಿನದು. ಗಂಡುಹೂ, ಹೆಣ್ಣುಹೂ ಒಂದೇ ಬಳ್ಳಿಯಲ್ಲಿದ್ದರೂ ಬೇರೆ ಬೇರೆ. ನಡುವೆ ಓಡಾಡುವ ಹುಳುಗಳಿಲ್ಲದೆ ಕಾಯಿ ಕಚ್ಚದು. ಹೂ ಬಿಟ್ಟ ಚಪ್ಪರಕ್ಕೆ ಔಷಧ ಹೊಡೆದವರು ಕಾಯಿಯನ್ನು ಎದುರುನೋಡುವುದು ನ್ಯಾಯವಲ್ಲ. ಕಾಯಿ ಕಚ್ಚಿದ ಮೇಲೆ ಸುಮಾರು ಒಂದು ತಿಂಗಳಿಗೆ ಕೊಯ್ಲು. ಫಸಲು ಮುಗಿದಾಗ ಹಳೆಯ ಹಂಬುಗಳನ್ನು ಸವರಿ ಬುಡಕ್ಕೆ ಗೊಬ್ಬರ ಕೊಟ್ಟರೆ ಅದೇ ಬುಡ ಮತ್ತೆ ಚಿಗುರುತ್ತದೆ, ವರ್ಷವರ್ಷವೂ ಹೊಸದು ನೆಡುವ ಕೆಲಸವಿಲ್ಲ.

ಹೆಚ್ಚುವಾಗ ಸೋರುವ ಅಂಟು ಕೈಗೆ ಹತ್ತಿ ಚರ್ಮ ಬಿಗಿಯುತ್ತದೆ. ಕೈಗೆ ಎಣ್ಣೆ ಸವರಿಕೊಂಡೋ, ನೀರಿನಲ್ಲಿ ಅದ್ದಿಯೋ ಹೆಚ್ಚಿದರಾಯಿತು. ಸಿಪ್ಪೆಯನ್ನು ಎಸೆಯುವುದು ಬೇಡ, ಅದರ ಚಟ್ನಿಯ ರುಚಿ ಬಲ್ಲವರಿಗೆ ಹೇಳಬೇಕಾಗಿಲ್ಲ. ಡಾರ್ಜಿಲಿಂಗ್, ಸಿಕ್ಕಿಂ ಕಡೆ ‘ಇಸ್ಕುಸ್’ ಎನ್ನುವ ಇದರ ಎಳೆ ಕುಡಿಗಳನ್ನೂ ಸೊಪ್ಪಿನಂತೆ ಬೇಯಿಸಿ ತಿನ್ನುತ್ತಾರೆ.

ಎಷ್ಟೇ ಕಣ್ಣಿಟ್ಟು ಕಿತ್ತರೂ ಎಲೆಗಳ ಮರೆಯಲ್ಲಿ ಒಂದೆರಡು ಕಾಯಿ ಉಳಿದೇ ಉಳಿಯುತ್ತವೆ. ತಿಂಗಳ ನಂತರ ನೋಡಿದರೆ ಅವು ಬಳ್ಳಿಯಲ್ಲೇ ಮೊಳೆತು, ಚಿಗುರು ಬಿಟ್ಟುಕೊಂಡು ಜೋತಾಡುತ್ತಿರುತ್ತವೆ. ಒಂದನ್ನು ಪಕ್ಕದ ಮನೆಯವರಿಗೆ ಕೊಡಬಹುದು, ದಪ್ಪ ತುದಿ ಯಾವುದೆಂದು ತೋರಿಸಿ.